ತುಟಿಯಲ್ಲಿ ಮಾತ್ರ ಹೇಳಿದ ಪದ್ಯ

ನಮ್ಮ ಪದ್ಯದ ಟೀಚರಿಗೆ ಎಡಗಿವಿ ಪೂರ್ತಿ ಹೋಗಿತ್ತು. ಬಲಗಿವಿಯ ಹಿಂದೆ ಬೆರಳ ತುದಿಯಷ್ಟು ದೊಡ್ಡದೊಂದು ಮೆಷಿನ್ ಕೂತಿರುತ್ತಿತ್ತು. ಅದರ ಅಂಚಿಗೆ ಒಂದು ಪುಟ್ಟ ಚಕ್ರ. ಉಗುರಿನಿಂದ ತಿರುಗಿಸಿದರೆ ದನಿ ಏರುತ್ತದೆ, ಇಳಿಯುತ್ತದೆ. ಹಾಗಿದ್ದೂ ಇಡೀ ಶಾಲೆಯಲ್ಲಿ ಪದ್ಯವನ್ನು ಅವರಷ್ಟು ಚೆನ್ನಾಗಿ ಕೇಳಿಸಿಕೊಳ್ಳುವವರು ಇನ್ನೊಬ್ಬರಿರಲಿಲ್ಲ.

ಅವರು ಪಾಠ ಮಾಡುತ್ತಿದ್ದ ರೀತಿಯೇ ಬೇರೆ. ಮೊದಲು ಅವರು ಒಂದು ಸಾಲು ಹೇಳುವರು, ನಾವು ನಲವತ್ತೊಂದು ಹುಡುಗಿಯರೂ ಒಟ್ಟಿಗೆ ಅದನ್ನು ಹೇಳಬೇಕು. ಮತ್ತೆ ಅವರು, ಮತ್ತೆ ನಾವು. ಹೀಗೆ ಅರ್ಧ ಗಂಟೆ. ಅರ್ಥ ಹೇಳುವುದು ಕೊನೆಯ ಹತ್ತು ನಿಮಿಷ ಮಾತ್ರ. "ಅರ್ಥ ಎಲ್ಲಿ ಓಡಿಹೋಗುತ್ತೆ? ಮೊದಲು ಪದ್ಯ ಬಾಯಲ್ಲಿ ಕೂರಲಿ" ಎನ್ನುವರು. ನಲವತ್ತೊಂದು ದನಿ ಒಂದಾಗಿ ಎದ್ದಾಗ ಅವರ ಮುಖ ನೋಡಬೇಕು. ಪೂಜೆಗೆ ನಿಂತವರ ಹಾಗೆ ಇರುತ್ತಿತ್ತು.

ಆದರೆ ನಲವತ್ತೊಂದು ದನಿ ಸೇರಿದರೆ ಆ ಮೆಷಿನಿಗೆ ಅದು ಬರೀ ಗದ್ದಲ. ಅದಕ್ಕೆ ಅವರು ಒಂದು ಉಪಾಯ ಕಂಡುಕೊಂಡಿದ್ದರು. ಒಬ್ಬಳ ಬಾಯನ್ನು ನೋಡುವುದು. ಆ ತುಟಿಗಳು ಆಡುವುದನ್ನು ನೋಡುತ್ತ ಕೇಳಿಸಿಕೊಂಡರೆ ಗದ್ದಲವೆಲ್ಲ ಪದ್ಯವಾಗಿಬಿಡುತ್ತದೆ ಎಂದು ಒಮ್ಮೆ ಹೇಳಿದ್ದರು. ಆ ಬಾಯಿ ನನ್ನದು. ಮುಂದಿನ ಬೆಂಚಿನ ತುದಿ, ಅವರ ಬಲಗಿವಿಯ ಪಕ್ಕ. ಎರಡು ವರ್ಷ ನಾನು ಅಲ್ಲಿಯೇ ಕೂತಿದ್ದೆ.

ನನ್ನ ಬಾಯಿ ಅವರಿಗೆ ಯಾಕೆ ಹಿಡಿಸಿತು ಎಂದರೆ, ಅದು ನನ್ನ ಅಜ್ಜಿಯ ಕೊಡುಗೆ. ಓದುಬರಹ ಬಾರದ ಅಜ್ಜಿಗೆ ಬಾಯಿಪಾಠ ಬರುತ್ತಿದ್ದ ಪದ್ಯಗಳಿಗೆ ಲೆಕ್ಕವಿರಲಿಲ್ಲ. ಸಂಜೆ ದೀಪದ ಹೊತ್ತಿಗೆ ಅವಳ ತೊಡೆಯ ಮೇಲೆ ಮಲಗಿ, ಕೆಳಗಿನಿಂದ ಅವಳ ಬಾಯನ್ನು ನೋಡುತ್ತಲೇ ನಾನು ಕಲಿತದ್ದು. ನಾನು ಗೊಣಗಿದರೆ ಕೆನ್ನೆ ತಟ್ಟುವಳು. "ದೇವರು ಓದಲ್ಲ ಕಣೇ, ಕೇಳಿಸ್ಕೋತಾನೆ. ಬಾಯಿ ಬಿಟ್ಟು ಹೇಳು." ಹಾಗೆ ಬಾಯಿ ಬಿಟ್ಟು ಹೇಳುವುದು ಅಭ್ಯಾಸವಾಯಿತು.

ತರಗತಿಯಲ್ಲಿ ಅದಕ್ಕೆ ಸಿಕ್ಕ ಬಹುಮಾನ 'ಟೇಪು' ಎಂಬ ಅಡ್ಡಹೆಸರು. ಟೀಚರಮ್ಮನ ಟೇಪು. ಗುಂಡಿ ಒತ್ತಿದರೆ ಹಾಡುತ್ತೆ. ಹೆಸರಿಟ್ಟವಳು ಕೊನೆ ಬೆಂಚಿನ ಪಟಾಕಿ. ಅವಳ ಮಾತೂ ಹಾಗೇ, ನಗುವೂ ಹಾಗೇ, ಪಟಪಟ ಸಿಡಿದು ಸುತ್ತಲಿನವರನ್ನೆಲ್ಲ ತಿರುಗಿ ನೋಡುವಂತೆ ಮಾಡುತ್ತಿತ್ತು. ಅವಳ ನೆರಳಿನಂತೆ ಓಡಾಡುವವಳು ಕಡ್ಡಿ. ಮಧ್ಯಾಹ್ನದ ಊಟಕ್ಕೆ ಅವರ ಗುಂಪು ಮೆಟ್ಟಿಲಿನ ಕೆಳಗೆ, ನೀರಿನ ಡ್ರಮ್ಮಿನ ಪಕ್ಕ ಕೂರುತ್ತಿತ್ತು. ಅಲ್ಲಿ ಬಿಸಿಲಿಲ್ಲ, ಟೀಚರುಗಳ ಕಣ್ಣಿಲ್ಲ. ಅಲ್ಲಿಂದ ಬರುವ ನಗು ಕೇಳಿಸುವಷ್ಟು ದೂರದಲ್ಲಿ ನಾನು ಒಬ್ಬಳೇ ಡಬ್ಬಿ ತೆರೆಯುತ್ತಿದ್ದೆ.

ಒಂಬತ್ತನೇ ತರಗತಿಯ ಮಧ್ಯದಲ್ಲಿ ಒಂದು ದಿನ ಪಟಾಕಿ ಅಲ್ಲಿಂದಲೇ ಕೂಗಿದಳು.

"ಏ ಟೇಪು, ಬಾರೇ ಇಲ್ಲಿ! ಡಬ್ಬಿ ಒಬ್ಬಳೇ ತಿಂದು ಖಾಲಿ ಮಾಡ್ಬೇಕು ಅಂತ ಹರಕೆ ಹೊತ್ತಿದೀಯಾ?"

ನಾನು ಹೋದೆ. ಹೋದೆ ಎನ್ನುವುದಕ್ಕಿಂತ ಓಡಿದೆ ಎನ್ನಬೇಕು. ಕಡ್ಡಿ ಸರಿದು ಜಾಗ ಕೊಟ್ಟಳು. ನಾಲ್ಕು ದಿನ ನಾನು ಅಲ್ಲೇ ಊಟ ಮಾಡಿದೆ. ಅವರ ತಮಾಷೆಗಳು ಅರ್ಧ ಅರ್ಥವಾಗುತ್ತಿರಲಿಲ್ಲ. ಎಲ್ಲರೂ ನಕ್ಕ ಮೇಲೆ ಒಂದು ಉಸಿರು ತಡವಾಗಿ ನಾನೂ ನಗುತ್ತಿದ್ದೆ. ಐದನೆಯ ದಿನ ಪಟಾಕಿ ದನಿ ತಗ್ಗಿಸಿದಳು.

"ನಾಳೆ ಪದ್ಯದ ಪೀರಿಯಡ್‌ನಲ್ಲಿ ಯಾರೂ ದನಿ ಮಾಡ್ಬಾರ್ದು. ಬರೀ ತುಟಿ ಆಡಿಸ್ಬೇಕು. ಮಿಸ್ಸು ಮೆಷಿನ್ ಕೆಟ್ಟೋಯ್ತು ಅನ್ಕೊಂಡು ತಿರುಗಿಸ್ತಾರೆ ನೋಡು, ತಿರುಗಿಸ್ತಾರೆ..."

"ಆಮೇಲೆ?" ಎಂದಳು ಕಡ್ಡಿ, ಆಗಲೇ ನಗು ತಡೆಯಲಾರದೆ.

"ಆಮೇಲೆ ಎಲ್ಲರೂ ಒಟ್ಟಿಗೆ ಕಿರಚೋದು!"

ಎಲ್ಲರೂ ನಕ್ಕರು. ಈ ಸಲ ನಾನು ಒಂದು ಉಸಿರು ತಡವಾಗಿಯೂ ನಗಲಿಲ್ಲ.

"ಪಾಪ ಕಣ್ರೇ" ಎಂದೆ. "ಬೇಜಾರ್ ಮಾಡ್ಕೋತಾರೆ."

"ಪಾಪ ಅಂತೆ! ನೀನೇನು ಅವರ ಸೊಸೇನಾ?" ಎಂದಳು ಪಟಾಕಿ. "ಒಂದೇ ಒಂದ್ಸಲ. ತಮಾಷೆಗೆ. ಆದ್ರೆ ನೋಡು, ಅವರು ನೋಡೋದು ನಿನ್ನ ಬಾಯಿನೇ. ನೀನು ದನಿ ಮಾಡಿದ್ಯೋ, ಎಲ್ಲ ಹಾಳು."

ಮರುದಿನದೊಳಗೆ ಆ ಮಾತು ಇಡೀ ತರಗತಿಗೆ ಹಬ್ಬಿತ್ತು. ಟೀಚರ್ ಬಂದರು. ಸಾಲು ಹೇಳಿದರು. ನಲವತ್ತು ಬಾಯಿಗಳು ತೆರೆದುಕೊಂಡವು, ಮುಚ್ಚಿಕೊಂಡವು. ದನಿ ಬಂದದ್ದು ನನ್ನ ಒಂದೇ ಬಾಯಿಂದ. ಅದೇನು ನನ್ನ ಧೈರ್ಯವಲ್ಲ, ಅಭ್ಯಾಸಬಲ. ಸದ್ದಿಲ್ಲದ ತರಗತಿಯಲ್ಲಿ ನನ್ನ ದನಿ ಒಂದೇ ಓಡಾಡಿ ಬಂದು ನನ್ನ ಮುಖಕ್ಕೇ ಹೊಡೆದ ಹಾಗಾಯಿತು. ಟೀಚರ್ ಹುಬ್ಬೇರಿಸಿ, "ಏನಮ್ಮಾ, ಇವತ್ತು ಯಾರೂ ತಿಂಡಿ ತಿಂದಿಲ್ವಾ? ಇಷ್ಟು ಮೆಲ್ಲಗೆ ಹೇಳ್ತೀರಿ!" ಎಂದರು. ತರಗತಿ ಗೊಳ್ಳೆಂದು ನಕ್ಕಿತು. ಆ ದಿನದ ತಮಾಷೆ ಅಲ್ಲಿಗೆ ಮುಗಿಯಿತು.

ನನ್ನ ಮೇಲಿನದು ಆಗ ಶುರುವಾಯಿತು. ಗಣಿತದ ಯಾವ ಲೆಕ್ಕ ಮಾಡಿಕೊಂಡು ಬರಬೇಕು ಎಂದು ಕಡ್ಡಿಯನ್ನು ಕೇಳಿದೆ. ಅವಳು ಗಂಭೀರವಾಗಿ ನನ್ನ ಮುಖ ನೋಡಿ ತುಟಿ ಆಡಿಸಿದಳು. ದನಿಯಿಲ್ಲ. "ಏನು?" ಎಂದೆ. ಮತ್ತೆ ತುಟಿ ಆಡಿಸಿದಳು, ಕೈ ತಿರುಗಿಸಿ, ಕಣ್ಣರಳಿಸಿ, ಬಹಳ ಮುಖ್ಯವಾದದ್ದೇನೋ ವಿವರಿಸುವ ಹಾಗೆ. ಹಿಂದಿನಿಂದ ನಗು. ಮಧ್ಯಾಹ್ನದ ಹೊತ್ತಿಗೆ ಇಡೀ ತರಗತಿ ನನ್ನೊಂದಿಗೆ ಹಾಗೆಯೇ ಮಾತಾಡತೊಡಗಿತು. ನನ್ನ ಪಕ್ಕದಲ್ಲಿ ಎರಡು ವರ್ಷದಿಂದ ಕೂತವಳೂ ಸೇರಿದಂತೆ.

ಮೂರು ದಿನ. ಹೇಳಿದರೆ ಇಷ್ಟೇನಾ ಅನ್ನಿಸುತ್ತದೆ. ಎರಡನೆಯ ದಿನ ನಾನು ಕಿವಿಗೆ ಬೆರಳು ಹಾಕಿ ತಿರುವಿ ನೋಡಿಕೊಂಡೆ, ನಿಜವಾಗಿ ಏನಾದರೂ ಆಗಿದೆಯೋ ಎಂದು. ಮನೆಗೆ ಹೋಗಿ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅಮ್ಮಾ, ಏನಾದ್ರೂ ಮಾತಾಡಮ್ಮಾ" ಎಂದೆ. "ಏನು ಮಾತಾಡ್ಲಿ? ಕೈಕಾಲು ತೊಳ್ಕೊಂಡು ಬಾ" ಎಂದಳು ಅಮ್ಮ. ಆ ಮಾತನ್ನೇ ತಿರುತಿರುಗಿ ಕೇಳಬೇಕೆನ್ನಿಸಿತು.

ಮೂರನೆಯ ದಿನ ಸಂಜೆ ಗೇಟಿನ ಬಳಿ ಪಟಾಕಿ ದನಿ ತೆಗೆದು ಒಂದೇ ವಾಕ್ಯ ಹೇಳಿದಳು.

"ನಾಳೆ ಪದ್ಯದ ಪೀರಿಯಡ್ ಇದೆ."

"ಸರಿ" ಎಂದೆ.

ಅವಳು ನನ್ನ ಹೆಗಲ ಮೇಲೆ ಕೈ ಹಾಕಿದಳು. ಆ ಕೈ ನನಗೆ ಎಷ್ಟು ಹಿತವಾಗಿತ್ತು ಎಂಬುದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ದನಿಯಿಲ್ಲದ ತುಟಿಗಳ ಮುಂದೆ ನಿಲ್ಲುವುದು ಎಂದರೇನು ಎಂದು ಆ ತರಗತಿಯಲ್ಲಿ ಯಾರಿಗಾದರೂ ಗೊತ್ತಿದ್ದರೆ ಅದು ನನಗೊಬ್ಬಳಿಗೆ. ಗೊತ್ತಿದ್ದೂ 'ಸರಿ' ಎಂದವಳು ನಾನು.

ಮರುದಿನ ಟೀಚರ್ ಹೊಸ ಪದ್ಯ ಎತ್ತಿಕೊಂಡರು.

"ಹರಿವ ನೀರಿಗೆ ಹೆಸರು ಯಾತಕೆ, ಕರೆದ ಕೂಗಿಗೆ ನಿಲುವುದುಂಟೇ..."

ಹೇಳಿ, ಕೈ ಎತ್ತಿ, ನನ್ನ ಬಾಯನ್ನು ನೋಡಿದರು. ನಾನು ಬಾಯಿ ತೆರೆದೆ. ಒಂದೊಂದು ಅಕ್ಷರಕ್ಕೂ ತುಟಿ ಸರಿಯಾಗಿ ಕೂಡಿಸಿದೆ, ಬಿಡಿಸಿದೆ. ಉಸಿರನ್ನು ಮಾತ್ರ ಗಂಟಲಿನ ಹಿಂದೆ ತಡೆದುಕೊಂಡೆ. ಅವರ ಮುಖದ ಮೇಲಿನ ನಗು ಇನ್ನೂ ಹಾಗೇ ಇತ್ತು. ಆಮೇಲೆ ಅದು ಇರುವ ಜಾಗದಲ್ಲೇ ನಿಂತುಹೋಯಿತು. ಅವರ ಕೈ ಕಿವಿಯ ಹಿಂದಕ್ಕೆ ಹೋಯಿತು. ಚಕ್ರ ತಿರುಗಿತು. "ಇನ್ನೊಂದ್ಸಲ" ಎಂದರು. ಇನ್ನೊಂದು ಸಲವೂ ನಾವು ಬರೀ ತುಟಿ ಆಡಿಸಿದೆವು. ಅವರು ಇನ್ನಷ್ಟು ತಿರುಗಿಸಿದರು. ಮೆಷಿನ್ ಕುಂಯ್ ಎಂದದ್ದು ನನ್ನ ಬೆಂಚಿಗೂ ಕೇಳಿಸಿತು. ಆಗ ಪಟಾಕಿ ಹಿಂದಿನಿಂದ ತನ್ನ ತಗಡಿನ ಕಂಪಾಸ್ ಪೆಟ್ಟಿಗೆಯನ್ನು ನೆಲಕ್ಕೆ ಬಿಟ್ಟಳು. ಎಲ್ಲರೂ ಒಟ್ಟಿಗೆ ಆ ಸಾಲನ್ನು ಕಿರಚಿದರು.

ಟೀಚರ್ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಮೇಜಿಗೆ ಒರಗಿದರು. ಸ್ವಲ್ಪ ಹೊತ್ತಾದ ಮೇಲೆ ತಲೆಯೆತ್ತಿ, "ತಪ್ಪು ನಂದೇ ಮಕ್ಕಳೇ. ಮೆಷಿನ್ ಯಾಕೋ ಕೈ ಕೊಡ್ತಿದೆ" ಎಂದರು. ಪರ್ಸಿನಿಂದ ಗುಂಡಿಯಷ್ಟು ಸಣ್ಣ ಬ್ಯಾಟರಿ ತೆಗೆದು ಹಾಕಿಕೊಳ್ಳುವಾಗ ಅದು ಅವರ ಬೆರಳಿಂದ ಎರಡು ಸಲ ಜಾರಿ ಬಿತ್ತು. ಎರಡನೆಯ ಸಲ ಹುಡುಕಿ ಕೊಟ್ಟವಳು ನಾನು. "ನೀನಿದೀಯಲ್ಲ, ಅಷ್ಟು ಸಾಕು" ಎಂದರು.

ಒಂದೇ ಒಂದು ಸಲ ಎಂದದ್ದು ಐದು ಪೀರಿಯಡ್ ಆಯಿತು. ಎರಡು ಸಾಲು ದನಿ ತೆಗೆದು ಹೇಳುವುದು, ಮೂರನೆಯದಕ್ಕೆ ದನಿ ನುಂಗುವುದು. ಯಾವಾಗ ಎಂದು ಅವರಿಗೆ ತಿಳಿಯಬಾರದು. ಇಲ್ಲಿ ಒಂದು ವಿಷಯ ಹೇಳಿಬಿಡಬೇಕು, ಇಲ್ಲದಿದ್ದರೆ ಈ ಕತೆ ಪೂರ್ತಿ ಪಟಾಕಿಯ ತಲೆಗೆ ಕಟ್ಟಿದಂತಾಗುತ್ತದೆ. ಮೆಟ್ಟಿಲ ಕೆಳಗೆ ಊಟಕ್ಕೆ ಕೂತಾಗ ಒಂದು ದಿನ ನಾನೇ ಹೇಳಿದೆ: "ಬರೀ ತುಟಿ ಆಡಿಸಿದ್ರೆ ಗೊತ್ತಾಗಿಬಿಡುತ್ತೆ. ಎದೆನೂ ಏರಿಳೀಬೇಕು. ಕತ್ತಿನ ನರ ಸ್ವಲ್ಪ ಉಬ್ಬಬೇಕು." ಮಾಡಿ ತೋರಿಸಿದೆ. ನನ್ನನ್ನು ಯಾರೂ ಕೇಳಿರಲಿಲ್ಲ. "ಅಬ್ಬಾ, ಟೇಪು ಭಾರಿ ಪಾಕಡಾ!" ಎಂದು ಪಟಾಕಿ ಬೆನ್ನು ತಟ್ಟಿದಳು. ಆ ಮಧ್ಯಾಹ್ನ ನಾನು ಎಲ್ಲರ ಜೊತೆ, ಸರಿಯಾದ ಹೊತ್ತಿಗೆ ನಕ್ಕೆ.

ನಮ್ಮ ಮನೆಯಲ್ಲೇ ಇದ್ದ ಚಿಕ್ಕಮ್ಮನ ಕೆಲಸ ಕಿವಿ ಪರೀಕ್ಷೆ ಮಾಡುವುದು. ಔಷಧಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಕಿವಿ ಡಾಕ್ಟರೊಬ್ಬರ ಕ್ಲಿನಿಕ್ಕಿತ್ತು. ಅವರ ಹತ್ತಿರ ಅವಳು ಹತ್ತು ವರ್ಷದಿಂದ ಇದ್ದಳು. ಆ ಗುರುವಾರ ಸಂಜೆ ಬಂದವಳು ಚಪ್ಪಲಿ ಬಿಡುತ್ತಲೇ ಹೇಳಿದಳು.

"ಇವತ್ತು ನಿಮ್ಮ ಪದ್ಯದ ಟೀಚರ್ ಬಂದಿದ್ರು ಕಣೇ."

"ಯಾಕೆ?" ಎಂದೆ.

"ಅದೇ ತಲೆ ಕೆಟ್ಟೋಗಿದೆ ನಂಗೆ. ಮೆಷಿನ್ ಬಿಚ್ಚಿದೆ, ಜೋಡಿಸಿದೆ, ಏನೂ ಆಗಿಲ್ಲ. ಕಿವಿ ಪರೀಕ್ಷೆ ಮಾಡಿದೆ, ಹೋದ ವರ್ಷ ಹೆಂಗಿತ್ತೋ ಹಂಗೇ ಇದೆ. ಕೂದಲೆಳೆ ಆಚೀಚೆ ಆಗಿಲ್ಲ. ಆದ್ರೆ ಅವರು ಒಪ್ಪಲ್ಲ. 'ನಿಮ್ಮ ಪರೀಕ್ಷೆ ಪೆಟ್ಟಿಗೆ ಒಳಗೆ ಕೂತ್ರೆ ಕೇಳಿಸುತ್ತಮ್ಮಾ, ನನ್ನ ಮಕ್ಕಳ ದನಿ ಕೇಳಿಸಲ್ಲ' ಅಂತಾರೆ."

"ಎಂಥದೋ ಭ್ರಮೆ ಇರಬೇಕು, ಪಾಪ" ಎಂದಳು ಅಮ್ಮ.

"ಡಾಕ್ಟರೂ ಹಂಗೇ ಅನ್ಕೊಂಡ್ರು. ತಲೆ ಒಳಗೇನಾದ್ರೂ ಬೆಳೀತಿದೆಯೋ ನೋಡ್ಬೇಕು ಅಂತ ಚೀಟಿ ಬರೆದುಕೊಟ್ರು. ಮಕ್ಕಳು ಗಲಾಟೆ ಮಾಡ್ತಿರಬೋದು ಅಂದೆ ನಾನು. ಅದಕ್ಕೆ ಏನಂದ್ರು ಗೊತ್ತಾ?" ಚಿಕ್ಕಮ್ಮ ನನ್ನ ತಲೆ ಸವರಿದಳು. "'ನಿಮ್ಮ ಮನೆ ಹುಡುಗಿ ಬಾಯಿ ನನ್ನೆದುರಿಗೇ ಇರುತ್ತೆ. ಅವಳು ಸುಳ್ಳಾಡೋಳಲ್ಲ. ಅಂದ್ಮೇಲೆ ಸುಳ್ಳಾಡ್ತಿರೋದು ನನ್ನ ಕಿವಿ' ಅಂದ್ರು. ಶನಿವಾರ ಇನ್ನೊಂದ್ಸಲ ಬರ್ತಾರೆ. ಅಲ್ಲೂ ತಿಳೀಲಿಲ್ಲ ಅಂದ್ರೆ ಸೋಮವಾರ ಹೆಡ್‌ಮಿಸ್ಸಿಗೆ ಪತ್ರ ಕೊಟ್ಟುಬಿಡ್ತಾರಂತೆ. ಪದ್ಯ ಕೇಳಿಸದವಳು ಪದ್ಯ ಹೇಳಿಕೊಡಬಾರದಂತೆ."

ರಾತ್ರಿ ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ. ಹೊಟ್ಟೆ ಸರಿಯಿಲ್ಲ ಎಂದು ಎದ್ದೆ. ಅಮ್ಮ ಹಣೆ ಮುಟ್ಟಿ ನೋಡಿದಳು. ಅವಳ ಕೈ ನನ್ನನ್ನು ಮುಟ್ಟುವುದೇ ತಪ್ಪು ಅನ್ನಿಸುವಷ್ಟು ನನ್ನ ಮೇಲೆ ನನಗೆ ಹೇಸಿಗೆಯಾಗಿತ್ತು.

ಶುಕ್ರವಾರ ಮೆಟ್ಟಿಲ ಕೆಳಗೆ ನಾನು ಹೇಳಿದೆ. "ನಿಲ್ಲಿಸೋಣ ಕಣೇ. ಮಿಸ್ಸು ಕೆಲಸ ಬಿಡ್ತಾರಂತೆ. ತಲೆ ಪರೀಕ್ಷೆ ಮಾಡಿಸ್ಬೇಕು ಅಂದಿದಾರಂತೆ."

ಪಟಾಕಿ ಬಾಯಿಗಿಟ್ಟ ತುತ್ತನ್ನು ಅಗಿಯುವುದು ನಿಲ್ಲಿಸಿದಳು. ಒಂದು ಗಳಿಗೆ ಅವಳ ಮುಖದಲ್ಲಿ ಹೆದರಿಕೆ ಕಂಡಿತು. ಅವಳಿಗೂ ಹದಿನಾಲ್ಕೇ ವರ್ಷ. ಆಮೇಲೆ ನುಂಗಿ, "ಬಿಟ್ರೆ ಬಿಡ್ಲಿ, ಹೆಂಗೂ ವಯಸ್ಸಾಯ್ತು" ಎಂದಳು.

"ನಾವೇ ಹೋಗಿ ಹೇಳಿಬಿಡೋಣ."

"ನಾವು ಅಂದ್ರೆ ಯಾರು? ಹೇಳಿದ್ರೆ ಮೊದಲು ಸಿಕ್ಕಿ ಬೀಳೋಳು ನೀನು. ಅವರು ನೋಡಿದ್ದು ನಿನ್ನ ಬಾಯಿ. ಎದೆ ಏರಿಸೋದು ಹೇಳಿಕೊಟ್ಟಿದ್ದು ಯಾರು, ನಾನಾ?"

"ಹೌದು ಮತ್ತೆ" ಎಂದಳು ಕಡ್ಡಿ. "ನೀನೇ ತಾನೇ?"

"ಎಲ್ಲರೂ ಬಾಯಿ ಮುಚ್ಕೊಂಡಿದ್ರೆ ಏನೂ ಆಗಲ್ಲ" ಎಂದು ಪಟಾಕಿ ನನ್ನ ಕಡೆ ತನ್ನ ಡಬ್ಬಿ ಸರಿಸಿದಳು. "ತಗೋ, ತಿನ್ನು. ಅಳಬೇಡ ಮಾರಾಯ್ತಿ."

ತೆಗೆದುಕೊಂಡೆ. ತಿಂದೆ.

ಶನಿವಾರ ಅರ್ಧ ದಿನ ಶಾಲೆ. ಮಧ್ಯಾಹ್ನ ಚಿಕ್ಕಮ್ಮನಿಗೆ ಊಟದ ಡಬ್ಬಿ ಕೊಂಡೊಯ್ಯುವುದು ಯಾವತ್ತೂ ನನ್ನ ಪಾಲಿನ ಕೆಲಸ. ಹೊತ್ತು ಮೀರಿಸಿ ಹೋದರೆ ಟೀಚರ್ ಬಂದುಹೋಗಿರುತ್ತಾರೆ ಎಂದು ರಸ್ತೆಯ ಮೂಲೆಯಲ್ಲಿ, ಮುಚ್ಚಿದ ಅಂಗಡಿಯೊಂದರ ಮುಂದೆ ಅರ್ಧ ಗಂಟೆ ಸುಮ್ಮನೆ ನಿಂತೆ. ಆದರೂ ಮೆಟ್ಟಿಲು ಹತ್ತಿ ಬಾಗಿಲು ತಳ್ಳಿದಾಗ ಅವರು ಅಲ್ಲಿಯೇ ಇದ್ದರು.

"ಬಂದ್ಲು ನೋಡಿ!" ಎಂದರು ಟೀಚರ್. ಮುಖ ಬಾಡಿತ್ತು, ಆದರೂ ಅರಳಿತು. "ಇವಳ ಕೈಲೇ ಹೇಳಿಸಿ ನೋಡೋಣಮ್ಮಾ. ಇವಳ ದನಿ ಕೇಳಿಸಿದ್ರೆ ನಾನು ಬದುಕಿದ ಹಾಗೆ."

ಚಿಕ್ಕಮ್ಮನಿಗೂ ಅದು ಒಳ್ಳೆಯ ಯೋಚನೆ ಅನ್ನಿಸಿತು. ಪರೀಕ್ಷೆಯ ಪೆಟ್ಟಿಗೆ ಎಂದರೆ ಒಂದು ಪುಟ್ಟ ಕೋಣೆ. ಎರಡು ಕುರ್ಚಿ ಹಿಡಿಯುವಷ್ಟು ಜಾಗ, ಗೇಣುದಪ್ಪದ ಬಾಗಿಲು, ಗೋಡೆಗೆಲ್ಲ ತೂತುತೂತಿನ ಸ್ಪಂಜು. ಒಳಗೆ ಹೋದರೆ ಹೊರಗಿನ ಲೋಕವೇ ಸತ್ತ ಹಾಗೆ. ನಿಮ್ಮ ಉಸಿರು ನಿಮಗೆ ಕೇಳಿಸುತ್ತದೆ. ನನ್ನನ್ನು ಟೀಚರ್ ಎದುರಿಗೆ ಕೂರಿಸಿ, ಬಾಗಿಲು ಅರ್ಧ ಎಳೆದುಕೊಂಡು ನಿಂತು, ಚಿಕ್ಕಮ್ಮ ನನ್ನ ಕೈಗೆ ಬೂದು ಬಣ್ಣದ ರಟ್ಟೊಂದನ್ನು ಕೊಟ್ಟಳು.

"ಇದನ್ನ ಬಾಯಿಗೆ ಅಡ್ಡ ಹಿಡ್ಕೋ. ತುಟಿ ಕಾಣಬಾರದು. ಆಮೇಲೆ ನಿಮ್ಮ ಕ್ಲಾಸಿನ ಪದ್ಯದ ಒಂದು ಸಾಲು ಹೇಳು. ಅವರು ತಿರುಗಿ ಹೇಳ್ತಾರೆ."

ರಟ್ಟು ಹಿಡಿದೆ. ಅದರ ಮೇಲಿಂದ ಟೀಚರ ಕಣ್ಣು ಮಾತ್ರ ಕಾಣುತ್ತಿತ್ತು. ಪರೀಕ್ಷೆಗೆ ಕೂತ ಮಗುವಿನ ಕಣ್ಣು. ನಾನು ಸಾಲು ಹೇಳಿದರೆ ಅವರಿಗೆ ಕೇಳಿಸುತ್ತದೆ. ಕೇಳಿಸಿದರೆ, ತರಗತಿಯಲ್ಲಿ ಯಾಕೆ ಕೇಳಿಸಲಿಲ್ಲ ಎಂಬುದಕ್ಕೆ ಉಳಿಯುವುದು ಒಂದೇ ಕಾರಣ.

ನಾನು ಹೇಳಲಿಲ್ಲ.

ರಟ್ಟಿನ ಹಿಂದೆ ಯಾರಿಗೂ ಕಾಣದ ನನ್ನ ತುಟಿಗಳು ಆ ಸಾಲನ್ನು ಪೂರ್ತಿ ಆಡಿದವು. ಎದೆ ಏರಿತು, ಇಳಿಯಿತು. ಪಟಾಕಿ ಅಲ್ಲಿರಲಿಲ್ಲ. ಕಡ್ಡಿ ಇರಲಿಲ್ಲ. ನನ್ನನ್ನು ಒತ್ತಾಯಿಸುವವರು ಆ ಕೋಣೆಯಲ್ಲಿ ಒಬ್ಬರೂ ಇರಲಿಲ್ಲ.

ಟೀಚರ್ ಕಾದರು. ತಲೆಯನ್ನು ಸ್ವಲ್ಪ ಮುಂದೆ ತಂದರು. ಆಮೇಲೆ ಚಿಕ್ಕಮ್ಮನ ಕಡೆ ತಿರುಗಿ, ಬಹಳ ಸಮಾಧಾನದಿಂದ, "ಇಲ್ಲಮ್ಮಾ" ಎಂದರು. "ನೋಡಿದ್ರಲ್ಲ. ಕೇಳಿಸಲಿಲ್ಲ." ಮಡಿಲಲ್ಲಿದ್ದ ಪರ್ಸಿನ ಪಟ್ಟಿಯನ್ನು ನೇರ ಮಾಡಿಕೊಂಡರು, ಹೊರಡುವವರ ಹಾಗೆ.

"ನಂಗೂ ಏನೂ ಕೇಳಿಸಲಿಲ್ಲ" ಎಂದಳು ಚಿಕ್ಕಮ್ಮ, ನಿಧಾನವಾಗಿ. ಅವಳು ನನ್ನನ್ನೇ ನೋಡುತ್ತಿದ್ದಳು.

ರಟ್ಟು ನನ್ನ ಕೈಯಿಂದ ಕೆಳಗಿಳಿಯಿತು. ಇಳಿಸಿದೆನೋ, ಬಿದ್ದಿತೋ.

"ನಾನು ಹೇಳ್ಲೇ ಇಲ್ಲ ಮಿಸ್."

"ಏನು?"

"ಹೇಳ್ಲೇ ಇಲ್ಲ. ಈಗಲೂ ಇಲ್ಲ, ಕ್ಲಾಸಲ್ಲೂ ಇಲ್ಲ. ಬರೀ ತುಟಿ ಆಡಿಸಿದ್ದು."

ಆ ಕೋಣೆಯಲ್ಲಿ ಮಾತಿಗೆ ಮರುದನಿ ಇಲ್ಲ. ಬಾಯಿಂದ ಬಿದ್ದದ್ದು ಬಿದ್ದಲ್ಲೇ ಉಳಿಯುತ್ತದೆ. ಟೀಚರ್ ಪರ್ಸಿನ ಪಟ್ಟಿಯನ್ನು ಕೈಬಿಟ್ಟು ನನ್ನ ಕಡೆ ತಿರುಗಿದರು.

"ಎಷ್ಟು ದಿನ?"

"ಐದು ಪೀರಿಯಡ್."

"ಎಲ್ಲರೂನಾ?"

"ಎಲ್ಲರೂ ಮಿಸ್."

"ನೀನೂನಾ?"

ಉತ್ತರ ಅವರಿಗೆ ಆಗಲೇ ಗೊತ್ತಿತ್ತು. ಆದರೂ ಕೇಳಿದರು. 'ಇಲ್ಲ' ಎನ್ನಲು ನನಗೊಂದು ಅವಕಾಶ ಕೊಟ್ಟ ಹಾಗಿತ್ತು.

"ನಾನೂ ಮಿಸ್. ನಾನೇ ಎಲ್ಲರಿಗೂ ಹೇಳಿಕೊಟ್ಟೆ, ಗೊತ್ತಾಗದ ಹಾಗೆ ಹೆಂಗೆ ಮಾಡೋದು ಅಂತ."

ಅವರು ಕೈಯೆತ್ತಿ ಕಿವಿಯ ಹಿಂದಿನ ಮೆಷಿನನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡರು. ನನಗೆ ಆಗ ಮಾತು ಕಟ್ಟೆಯೊಡೆದು ಬಂತು. ಮೊದಲ ದಿನ ನಾನು ದನಿ ತೆಗೆದು ಹೇಳಿದ್ದು, ಮೂರು ದಿನ ನನ್ನ ಜೊತೆ ಯಾರೂ ಮಾತಾಡದೆ ಇದ್ದದ್ದು, ಒಬ್ಬಳೇ ಕೂತು ಉಂಡದ್ದು, ಪಟಾಕಿ ಹೆದರಿಸಿದ್ದು, ಎಲ್ಲ ಹೇಳಿದೆ. ಅಳುತ್ತ ಹೇಳಿದೆ, ಬಿಕ್ಕುತ್ತ ಹೇಳಿದೆ. ಬಹಳ ಹೊತ್ತಾದ ಮೇಲೆ ಗಮನಿಸಿದೆ: ಅವರು ನನ್ನ ಬಾಯನ್ನು ನೋಡುತ್ತಿರಲಿಲ್ಲ. ಗೋಡೆಯನ್ನು ನೋಡುತ್ತಿದ್ದರು. ಮೆಷಿನ್ ಅಂಗೈಯಲ್ಲೇ ಇತ್ತು. ನನ್ನ ಸಬೂಬುಗಳಲ್ಲಿ ಒಂದೂ ಅವರನ್ನು ತಲುಪಿರಲಿಲ್ಲ.

ನಾನು ಸುಮ್ಮನಾದ ಮೇಲೆ ಅವರು ಅದನ್ನು ಮತ್ತೆ ಕಿವಿಗೆ ಹಾಕಿಕೊಂಡು ಎದ್ದರು. "ಕಿವಿ ನೆಟ್ಟಗಿದೆ ಅಂತಾಯ್ತು. ನಿಮಗೆ ಸುಮ್ನೆ ತೊಂದರೆ ಕೊಟ್ಟೆ" ಎಂದು ಚಿಕ್ಕಮ್ಮನಿಗೆ ಕೈ ಮುಗಿದರು. ಗೋಡೆ ಹಿಡಿದು ಮೆಟ್ಟಿಲಿಳಿದರು. ನಾನು ಮೇಲಿನಿಂದ, "ಮಿಸ್, ಸೋಮವಾರ ಬರ್ತೀರಾ?" ಎಂದು ಕೂಗಿದೆ. ಅವರ ಎಡಗಿವಿ ನನ್ನ ಕಡೆಗಿತ್ತು.

ಚಿಕ್ಕಮ್ಮ ಬೈಯಲಿಲ್ಲ. ಹೊಡೆಯುತ್ತಾಳೆ ಎಂದುಕೊಂಡಿದ್ದೆ, ಹೊಡೆದಿದ್ದರೆ ಚೆನ್ನಾಗಿತ್ತು. ಡಬ್ಬಿ ತೆರೆದಳು, ಮತ್ತೆ ಮುಚ್ಚಿದಳು.

"ತಲೆ ಒಳಗೆ ಏನಾದ್ರೂ ಬೆಳೀತಿದೆಯೇನೋ ಅನ್ನೋ ಚೀಟಿ ಇಟ್ಕೊಂಡು ಆಯಮ್ಮ ಎರಡು ದಿನ ಹೆಂಗೆ ಕಳೆದ್ರೋ" ಎಂದಳು. "ಅವರ ಮಾತು ಕೇಳಿ ನಾನು ನನ್ನ ಯಂತ್ರಾನೇ ಅನುಮಾನಪಟ್ಟೆ. ನಿನ್ನನ್ನ ಅನುಮಾನಪಡೋಕೆ ನಂಗೂ ತೋಚಲಿಲ್ಲ ನೋಡು."

ಸೋಮವಾರ ಗೇಟಿನಲ್ಲೇ ಪಟಾಕಿ ಕಾಯುತ್ತಿದ್ದಳು.

"ಯಾರಿಗೂ ಹೇಳಿಲ್ಲ ತಾನೇ?"

"ಹೇಳ್ದೆ."

"ಯಾರಿಗೆ?"

"ಅವರಿಗೇ."

ಅವಳ ಮುಖ ಬಿಳಿಚಿಕೊಂಡಿತು. "ನನ್ನ ಹೆಸರು?"

"ಹೇಳಿದೆ. ಅವರಿಗೆ ಕೇಳಿಸಿಲ್ಲ. ನಂದು ಮಾತ್ರ ಕೇಳಿಸಿದೆ."

ಅವಳಿಗೆ ಅದು ಅರ್ಥವಾಗಲಿಲ್ಲ. ಅರ್ಥಮಾಡಿಕೊಳ್ಳುವ ತಾಳ್ಮೆಯೂ ಇರಲಿಲ್ಲ. "ಹಾಗಾದ್ರೆ ಇವತ್ತೂ ಮಾಡ್ಬೇಕು. ಎಲ್ಲರೂ. ನಲವತ್ತೊಂದು ಜನಾನೂ ಸೇರಿದ್ರೆ ಅವರೇನು ಮಾಡೋಕಾಗುತ್ತೆ? ನೀನೂ ಮಾಡ್ತೀಯ."

"ನಂಗಾಗಲ್ಲ."

"ಆಮೇಲೆ ನಿನ್ನ ಜೊತೆ ಒಂದು ನರಪಿಳ್ಳೆನೂ ಮಾತಾಡಲ್ಲ. ಮೂರು ದಿನ ಅಲ್ಲ, ವರ್ಷಪೂರ್ತಿ."

"ಗೊತ್ತು" ಎಂದೆ. ಧೈರ್ಯ ಬಂದಿದ್ದರಿಂದ ಹಾಗೆ ಹೇಳಿದ್ದಲ್ಲ. ಆ ಕೋಣೆಯಲ್ಲಿ, ರಟ್ಟಿನ ಹಿಂದೆ, ಯಾರೂ ಹೇಳದೆಯೇ ನಾನು ಏನು ಮಾಡಬಲ್ಲೆ ಎಂಬುದು ನನಗೆ ಗೊತ್ತಾಗಿತ್ತು. ಪಟಾಕಿಗಿಂತ ನನಗೆ ಅದರ ಹೆದರಿಕೆ ಹೆಚ್ಚಾಗಿತ್ತು.

ಎರಡನೆಯ ಪೀರಿಯಡ್ಡಿಗೆ ಟೀಚರ್ ಬಂದರು. ಬರುತ್ತಾರೋ ಇಲ್ಲವೋ ಎಂದು ಬಾಗಿಲನ್ನೇ ನೋಡುತ್ತಿದ್ದವಳು ಅವರು ಬಂದಾಗ ತಲೆ ತಗ್ಗಿಸಿದೆ. ಅವರು ಶನಿವಾರದ ಮಾತೆತ್ತಲಿಲ್ಲ. ಹೆಡ್‌ಮಿಸ್ಸಿಗೂ ಹೇಳಿರಲಿಲ್ಲ ಎಂದು ಆಮೇಲೆ ತಿಳಿಯಿತು. ಹಾಜರಿ ಪುಸ್ತಕ ತೆರೆದು, "ಇನ್ಮೇಲೆ ಒಟ್ಟಿಗೆ ಹೇಳೋದು ಬೇಡ. ಒಬ್ಬೊಬ್ಬರೇ ಎದ್ದು ನಿಂತು ಹೇಳಿ" ಎಂದರು. ಅಷ್ಟೇ. ಅವರು ಅಷ್ಟು ಪ್ರೀತಿಯಿಂದ ಕೇಳಿಸಿಕೊಳ್ಳುತ್ತಿದ್ದ, ನಲವತ್ತೊಂದು ದನಿ ಒಂದಾಗಿ ಏಳುವ ಆ ಪದ್ಯ ನಮ್ಮ ತರಗತಿಯಲ್ಲಿ ಮತ್ತೆಂದೂ ಏಳಲಿಲ್ಲ.

ಪಟಾಕಿಯ ಸರದಿ ಬೇಗ ಬಂತು. ಅವಳು ಎದ್ದು ನಿಂತು, ಆಚೀಚೆ ನೋಡಿ, ತುಟಿ ಆಡಿಸಿದಳು. ಟೀಚರ್ ಕಿವಿಗೆ ಕೈ ಹಾಕಲಿಲ್ಲ. "ದನಿ ಬರ್ತಿಲ್ಲಮ್ಮಾ. ಕೂತ್ಕೋ" ಎಂದು ಪುಸ್ತಕದಲ್ಲಿ ಏನೋ ಗುರುತು ಹಾಕಿದರು. ಯಾರೂ ನಗಲಿಲ್ಲ. ಒಬ್ಬಳೇ ನಿಂತು ಮಾಡಿದಾಗ ಅದು 'ತಮಾಷೆ' ಅನ್ನಿಸಲಿಲ್ಲ ಎಂದು ಕಾಣುತ್ತದೆ. ಮುಂದಿನವಳು ಕಡ್ಡಿ. ಅವಳು ಪಟಾಕಿಯ ಕಡೆ ಒಮ್ಮೆ ನೋಡಿ, ನೆಲ ನೋಡಿಕೊಂಡು, ಸಣ್ಣ ದನಿಯಲ್ಲಿ ಸಾಲು ಹೇಳಿದಳು. ಅವಳ ಹಿಂದೆ ಉಳಿದವರೂ ಒಬ್ಬೊಬ್ಬರಾಗಿ ಹೇಳಿದರು. ಪ್ರತಿಯೊಬ್ಬಳೂ ಹೇಳುವಾಗ ಟೀಚರ್ ಅವಳ ಮುಖ ನೋಡುತ್ತಿದ್ದರು, ತುಟಿ ನೋಡುತ್ತಿದ್ದರು, ತಲೆಯಾಡಿಸಿ "ಕೇಳಿಸ್ತು. ಕೂತ್ಕೋ" ಎನ್ನುತ್ತಿದ್ದರು.

ನನ್ನ ಸರದಿ ಬಂದಾಗ ಅವರು ಕುರ್ಚಿಯಿಂದ ಎದ್ದರು. ನನ್ನ ಬೆಂಚಿನ ಪಕ್ಕಕ್ಕೆ ಬಂದು, ಮುಖವನ್ನು ಕಿಟಕಿಯ ಕಡೆ ತಿರುಗಿಸಿ, ಬಲಗಿವಿಯನ್ನು ಮಾತ್ರ ನನ್ನ ಕಡೆ ಕೊಟ್ಟು ನಿಂತರು. ನನ್ನ ಬಾಯಿ ಕಾಣದ ಹಾಗೆ.

ನಾನು ಹೇಳಿದೆ. ದನಿ ಎರಡು ಕಡೆ ಒಡೆಯಿತು. ಆದರೆ ನಿಲ್ಲಿಸಲಿಲ್ಲ, ನಾಲ್ಕು ಸಾಲನ್ನೂ ಹೇಳಿ ಮುಗಿಸಿದೆ. ಹಿಂದಿನ ಬೆಂಚಿನಲ್ಲಿ ಯಾರೋ 'ಟೇಪು' ಎಂದು ಪಿಸುಗುಟ್ಟಿದ್ದು ಕೇಳಿಸಿತು.

ಟೀಚರ್ ಕಿಟಕಿಯಿಂದ ಕಣ್ಣು ಕೀಳದೆ, "ಕೇಳಿಸ್ತು. ಕೂತ್ಕೋ" ಎಂದರು. ಉಳಿದ ಎಲ್ಲರಿಗೂ ಹೇಳಿದಷ್ಟೇ.